ಮೆಫೋ ಹುಂಡಿ: 1933ರ ನಂತರ ಜರ್ಮನಿಯ ಶಸ್ತ್ರಾಸ್ತ್ರಕ್ಕೆ ದುಡ್ಡು ಹುಟ್ಟಿದ್ದು ಹೇಗೆ?

ಪ್ರಶ್ನೆ (ಹಳೇಕಡತ): 1933ರ ಆರಂಭದಲ್ಲಿ ಜರ್ಮನಿಯಲ್ಲಿ ಸುಮಾರು 60 ಲಕ್ಷ ನಿರುದ್ಯೋಗಿಗಳಿದ್ದರು, ಖಜಾನೆ ಬರಿದಾಗಿತ್ತು. ಆರೇ ವರ್ಷದಲ್ಲಿ ಯುದ್ಧ. ಮೆಫೋ ಹುಂಡಿಯಿಂದ (ಹುಂಡಿ ಅಂದರೆ ಇಂತಿಷ್ಟು ದಿನದಲ್ಲಿ ಹಣ ಕೊಡುತ್ತೇವೆ ಎಂಬ ಪತ್ರ) ಹಣ ಹೊಂದಿಸಿದರು ಅಂತಾರಲ್ಲ, ಅದು ನಡೆಯುತ್ತಿದ್ದದ್ದು ಹೇಗೆ? ಮಾರ್ಕ್ ಬೆಲೆ ಕಳೆದುಕೊಂಡ 1923ರ ಮಹಾ ಹಣದುಬ್ಬರದ ಹಾಗೆ ಬೆಲೆ ಯಾಕೆ ಹಾರಲಿಲ್ಲ?

ಖಾತೆಕಿರ್ದಿ: ಮೆಫೋ ಹೆಸರಿಗಷ್ಟೇ ಕಂಪನಿ, ಬಂಡವಾಳ ಬರೀ 10 ಲಕ್ಷ ಮಾರ್ಕ್. ಫಿರಂಗಿ ಮಾಡಿಕೊಟ್ಟ ಕಾರ್ಖಾನೆ ಮೆಫೋ ಮೇಲೆ ಹುಂಡಿ ಬರೆಯುತ್ತಿತ್ತು, ಮೆಫೋ ಒಪ್ಪಿ ಸಹಿ ಹಾಕುತ್ತಿತ್ತು. ಕಾರ್ಖಾನೆಯವರು ಅದನ್ನು ಬ್ಯಾಂಕಿಗೆ ಒಯ್ದರೆ ಬಡ್ಡಿ ಮುರಿದುಕೊಂಡು ನಗದು. ಬ್ಯಾಂಕಿಗೆ ಬೇಡವಾದರೆ ಕೇಂದ್ರ ಬ್ಯಾಂಕಾದ ರೈಷ್‌ಬ್ಯಾಂಕ್ ಕೊಳ್ಳುತ್ತಿತ್ತು. ಅವಧಿ ಕಾಗದದಲ್ಲಿ 3 ತಿಂಗಳು, ಆದರೆ ಮುಂದೂಡುತ್ತಾ 5 ವರ್ಷದವರೆಗೂ ಎಳೆಯಬಹುದಿತ್ತು.

ನಡುವೆ ಈ ಕಂಪನಿ ಯಾಕೆ ಬೇಕಿತ್ತು ಅನ್ನುವುದೇ ಇದರ ಕೀಲಿ. ಸರ್ಕಾರಕ್ಕೆ ನೇರ ಸಾಲ ಕೊಡಲು ರೈಷ್‌ಬ್ಯಾಂಕಿಗೆ ಕಾನೂನಿನ ಮಿತಿ ಇತ್ತು. ವ್ಯಾಪಾರದ ಹುಂಡಿ ಕೊಳ್ಳಲು ಆ ತಡೆ ಇರಲಿಲ್ಲ. ಮೆಫೋ ಸಹಿ ಬಿದ್ದರೆ ಸರ್ಕಾರದ ಸಾಲ ವ್ಯಾಪಾರದ ಹುಂಡಿಯಾಗಿ ಕಾಣುತ್ತಿತ್ತು, ಬಜೆಟ್ಟಿನಲ್ಲೂ ಸುಳಿವು ಸಿಗುತ್ತಿರಲಿಲ್ಲ.

ಮಾರ್ಕ್‌ಲೆಕ್ಕ: ಬೆಲೆಯ ವಿಷಯ. ಮೊದಲಿಗೆ ಯಂತ್ರಗಳೂ ಕೈಗಳೂ ಖಾಲಿ ಕೂತಿದ್ದವು, ಹಾಗಾಗಿ ಹೊಸ ಹಣದ ಹಿಂದೆಯೇ ಸರಕೂ ಬಂತು. 1933ರ ಮೇ ತಿಂಗಳಲ್ಲಿ ಕಾರ್ಮಿಕ ಸಂಘಗಳನ್ನು ಮುರಿದು ಕೂಲಿ ಏರದಂತೆ ಹಿಡಿದರು. 1936ರ ನವೆಂಬರಿನಲ್ಲಿ ಬೆಲೆ ಏರಿಕೆಯನ್ನೇ ನಿಷೇಧಿಸಿದರು. ಹಣದುಬ್ಬರ ಇರಲಿಲ್ಲ ಅನ್ನುವುದಕ್ಕಿಂತ ಅದನ್ನು ಅದುಮಿಟ್ಟಿದ್ದರು ಅನ್ನಿ.

ಬಂದರುಕಟ್ಟೆ: ಎಲ್ಲರೂ ಮೆಫೋ ಒಂದನ್ನೇ ಹಿಡಿದುಕೊಳ್ಳುತ್ತಾರೆ. ನಿಜವಾಗಿ ಕತ್ತು ಹಿಸುಕಿದ್ದು ವಿದೇಶಿ ವಿನಿಮಯ. ಮಾರ್ಕನ್ನು ಮನೆಯಲ್ಲೇ ಹುಟ್ಟಿಸಬಹುದು, ಸ್ವೀಡನ್ನಿನ ಕಬ್ಬಿಣದ ಅದಿರನ್ನು, ರಬ್ಬರನ್ನು ಹುಟ್ಟಿಸಲಾಗದು. 1934ರ ಮಧ್ಯಕ್ಕೆ ಚಿನ್ನ, ವಿದೇಶಿ ಹಣ ಎರಡೂ ಸೇರಿ 10 ಕೋಟಿ ಮಾರ್ಕ್ ಕೂಡ ಉಳಿದಿರಲಿಲ್ಲ. ಆ ಸೆಪ್ಟೆಂಬರಿನಲ್ಲಿ ರೈಷ್‌ಬ್ಯಾಂಕಿನ ಅಧ್ಯಕ್ಷ ಷಾಖ್ಟ್ 'ಹೊಸ ಯೋಜನೆ' ತಂದ: ಮೊದಲೇ ಪರವಾನಗಿ ಪಡೆಯದ ಆಮದಿಗೆ ವಿದೇಶಿ ಹಣವಿಲ್ಲ. ಬಾಲ್ಕನ್ ದೇಶಗಳ ಜೊತೆ ಸರಕಿಗೆ ಸರಕು ವಜಾ ಹಾಕುವ ಒಪ್ಪಂದಗಳಾದವು. ಇದ್ದ ವಿದೇಶಿ ಹಣ ಅದಿರಿಗೋ ತಿನ್ನುವ ಕೊಬ್ಬಿಗೋ ಎಂಬ ಜಗ್ಗಾಟದಲ್ಲಿ 1935ರ ಹೊತ್ತಿಗೆ ಬೆಣ್ಣೆಗೆ ತತ್ವಾರ.

ಖಾತೆಕಿರ್ದಿ: ಒಪ್ಪುತ್ತೇನೆ. ಹುಂಡಿಯ ಕಥೆಯನ್ನೂ ಮುಗಿಸಿಬಿಡುತ್ತೇನೆ. 1938ರಲ್ಲಿ ಹೊಸ ಹುಂಡಿ ನಿಂತಾಗ ಮೊತ್ತ ಸುಮಾರು 1,200 ಕೋಟಿ ಮಾರ್ಕ್. ಮೊದಲ ಹುಂಡಿಗಳ ಐದು ವರ್ಷದ ಗಡುವು 1939ಕ್ಕೆ ಬಂತು. ಖರ್ಚು ತಗ್ಗಿಸಿ ಎಂದು ರೈಷ್‌ಬ್ಯಾಂಕಿನ ನಿರ್ದೇಶಕರು ಜನವರಿ 7ರಂದು ಹಿಟ್ಲರನಿಗೆ ಬರೆದರು. 20ಕ್ಕೆ ಷಾಖ್ಟ್ ವಜಾ. ಜೂನಿನ ಹೊಸ ಕಾನೂನಿನಲ್ಲಿ ರೈಷ್‌ಬ್ಯಾಂಕ್ ಸರ್ಕಾರಕ್ಕೆ ಕೊಡುವ ಸಾಲದ ಮಿತಿ ನಿಗದಿ ಮಾಡುವ ಅಧಿಕಾರ ಹಿಟ್ಲರನ ಕೈಗೇ ಹೋಯಿತು. ಆಮೇಲೆ ಮೆಫೋದಂಥ ಮರೆಯೇ ಬೇಕಾಗಲಿಲ್ಲ.