ಪದಚರ್ಚೆ: ಮನೆ, ಫರಸಿ, ಹೊಸ್ತಿಲು – ಮೇಜಿನ ಮೇಲೆ ಕಟ್ಟುವ ತಳಘರದ ಪದಗಳು

ಬೆಳಗಾವಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಪಾತ್ರ ವಹಿಸಿ ಆಡುವ ಮೇಜಿನ ಆಟಗಳಿಗೆ ಬೇಕಾದ ನೆಲ, ಗೋಡೆ, ಬಾಗಿಲುಗಳನ್ನು ಫೋಮ್ ಹಲಗೆಯಲ್ಲಿ ಕೈಯಿಂದ ಮಾಡುವ ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಾಗಿನಿಂದ ಈ ಆಟಗಳ ಮಾತೆಲ್ಲ ಇಂಗ್ಲಿಷಿನದೇ. ಬಿಡಿ ತುಂಡುಗಳನ್ನು ಕೂಡಿಸಿ ಇವತ್ತು ಒಂದು ಓಣಿ, ನಾಳೆ ಅವುಗಳಿಂದಲೇ ಒಂದು ಪಡಸಾಲೆ ಮಾಡಿಕೊಳ್ಳಬಹುದು ಎನ್ನುವುದು ಈ ಕೆಲಸದ ಅನುಕೂಲ. ತುಂಡುಗಳು ಒಂದಕ್ಕೊಂದು ಕೂಡಬೇಕಾದರೆ ಅಳತೆ ಸರಿ ಇರಬೇಕು. ಅಳತೆ ಸರಿ ಇರಬೇಕಾದರೆ ಪದ ಸರಿ ಇರಬೇಕು. ತೊಡಕು ಅಲ್ಲೇ ಇದೆ.

ಕರಡಿನಲ್ಲಿ ‘ಚೌಕ’ ಎಂಬ ಒಂದೇ ಪದ ಮೂರು ಕಡೆ ದುಡಿಯುತ್ತಿದೆ: ಒಂದು ಗೊಂಬೆ ನಿಲ್ಲುವ 25 ಮಿ.ಮೀ. ಜಾಗ, ಅಂಥ ಒಂಬತ್ತು ಜಾಗಗಳಿರುವ 75 ಮಿ.ಮೀ. ತುಂಡು, ಆ ತುಂಡಿನ ಮೇಲೆ ಕೊರೆದ ಹಾಸುಗಲ್ಲು. ‘ಚೌಕದ ಅಂಚಿಗೆ 2 ಮಿ.ಮೀ. ಆಳ ಗೀರಿ’ ಎಂದು ಓದಿದ ಒಬ್ಬರು ತುಂಡಿನ ಸುತ್ತ ಗೀರುತ್ತಾರೆ, ಇನ್ನೊಬ್ಬರು ತುಂಡಿನ ಒಳಗೆ. ಸುತ್ತ ಗೀರಿದ ಎರಡು ತುಂಡು ಅಕ್ಕಪಕ್ಕ ಬಂದಾಗ ಅಲ್ಲಿನ ಗೆರೆ ಉಳಿದ ಗೆರೆಗಳ ಎರಡು ಪಟ್ಟು ಅಗಲವಾಗಿ, ನೆಲ ಒಡೆದಂತೆ ಕಾಣುತ್ತದೆ.

ಇದಲ್ಲದೆ ‘ಡಂಜನ್’ ಎಂಬುದಕ್ಕೆ ಕರಡಿನಲ್ಲಿರುವ ‘ನೆಲಮಾಳಿಗೆ’ ನಮ್ಮ ಭಾಗದ ಕಿವಿಗೆ ಒಪ್ಪುವುದೇ? ತುಂಡಿನ ಮೇಲೆಯೇ ನಿಲ್ಲುವ ಗೋಡೆಗೂ ತುಂಡಿನ ಪಕ್ಕಕ್ಕೆ ಬಂದು ನಿಲ್ಲುವ ಗೋಡೆಗೂ ಬೇರೆ ಬೇರೆ ಹೆಸರು ಬೇಕು. ‘ಟೆಕ್ಸ್ಚರ್’ ಅನ್ನು ಹಾಗೇ ಬಿಡುವುದೋ? ಗೌಂಡಿಗಳು, ಬಡಿಗರು ನಿಜವಾಗಿ ಆಡುವ ಮಾತಿದ್ದರೆ ತಿಳಿಸಿ. ನಿಘಂಟಿನಿಂದ ಹೆಕ್ಕಿದ ಸಂಸ್ಕೃತ ಜೋಡಣೆ ಬೇಡ.

ಬಾಗಲಕೋಟೆಯಿಂದ

ನಮಸ್ಕಾರ ಸರ್. ‘ಚೌಕ’ವನ್ನು ಪೂರ್ತಿ ಕೈಬಿಡಿ. ಗೊಂಬೆ ನಿಲ್ಲುವ ಜಾಗಕ್ಕೆ ಪಗಡೆ, ಚೌಕಾಬಾರದವರ ಪದ ಈಗಾಗಲೇ ಇದೆ: ಮನೆ. ‘ಕಾಯಿ ನಾಕು ಮನಿ ನಡೀತು’ ಅಂತಲೇ ನಮ್ಮ ಕಡೆ ಮಾತು. ಆಟದ ನಿಯಮದಲ್ಲೂ ಈ ಜಾಗ ಎಣಿಕೆಯ ಘಟಕವೇ, ಒಂದು ಮನೆ ಎಂದರೆ ಐದು ಅಡಿ. ಹಾಗಾಗಿ ಅರ್ಥ ಎಲ್ಲೂ ಜಾರುವುದಿಲ್ಲ.

ಆದರೆ ಮನೆಯ ಅಳತೆಯನ್ನು ಮೊದಲ ಪುಟದಲ್ಲೇ ಗಟ್ಟಿ ಮಾಡಿ. ಅಚ್ಚಾದ ನಕಾಶೆ ಹಾಳೆಗಳಲ್ಲಿ ಮನೆ ಒಂದು ಇಂಚು, ಅಂದರೆ 25.4 ಮಿ.ಮೀ. ಕರಡಿನಲ್ಲಿ 25 ಇದೆ. ಒಂದು ಮನೆಯಲ್ಲಿ ಈ 0.4 ಕಣ್ಣಿಗೆ ಬೀಳದು. ಹನ್ನೆರಡು ಮನೆ ಉದ್ದದ ಓಣಿಯಲ್ಲಿ 4.8 ಮಿ.ಮೀ. ಆಗಿ ಎದ್ದು ಕಾಣುತ್ತದೆ. ಹಾಳೆಯ ಜೊತೆ ಬಳಸುವವರು ಇಂಚು ಹಿಡಿಯಲಿ, ಫೋಮ್ ಒಂದನ್ನೇ ಬಳಸುವವರು 25 ಹಿಡಿಯಲಿ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕಲೆಸಬಾರದು.

75 ಮಿ.ಮೀ. ತುಂಡಿಗೆ ‘ಫರಸಿ’ ಎನ್ನಿ. ಶಹಾಬಾದದ ಸುಣ್ಣಕಲ್ಲಿನ ಹಾಸು ಉತ್ತರ ಕರ್ನಾಟಕದ ಅಡುಗೆಮನೆ, ಪಡಸಾಲೆಗಳ ನೆಲ. ‘ಫರಸಿ ಹಾಕಿಸೋದು’ ಎಂದರೆ ಬಿಡಿಸಿ ಹೇಳುವ ಕೆಲಸವಿಲ್ಲ. ‘ಟೈಲ್ಸ್’ ಎಂದರೆ ಹೊಳೆಯುವ ಬಿಲ್ಲೆ ನೆನಪಾಗುತ್ತದೆ, ‘ಹಂಚು’ ಎಂದರೆ ಮನೆ ಮೇಲಿನದು. ತುಂಡಿನ ಮೇಲೆ ಕೊರೆಯುವುದಕ್ಕೆ ಬರೀ ‘ಹಾಸುಗಲ್ಲು’ ಸಾಕು. ಅದರ ಅಳತೆಯನ್ನೂ ಹೇಳಿಬಿಡಿ: ಒಂದು ಇಂಚಿಗೆ ಐದು ಅಡಿ ಎಂದರೆ 1:60. ನಿಜವಾದ ಎರಡು ಅಡಿ ಫರಸಿ ಈ ಲೆಕ್ಕದಲ್ಲಿ ಸುಮಾರು 10 ಮಿ.ಮೀ. ಆದ್ದರಿಂದ ಒಂದು ಮನೆಯನ್ನು ನಾಲ್ಕು ಹಾಸುಗಲ್ಲಾಗಿ ಸೀಳಿದರೆ ನೆಲ ನೆಲದಂತೆ ಕಾಣುತ್ತದೆ. ಒಂದೇ ಕಲ್ಲಾಗಿ ಬಿಟ್ಟರೆ ಐದಡಿ ಚಪ್ಪಡಿಯಾಯಿತು, ಗುಡಿಗೆ ಸೈ, ತಳಘರಕ್ಕೆ ಅತಿಯಾಯಿತು. (ಅದೇ ಲೆಕ್ಕದಲ್ಲಿ 44 ಮೀಟರ್ ಹೊರವ್ಯಾಸದ ಗೋಲಗುಮ್ಮಟದ ಗುಮ್ಮಟ ಸುಮಾರು 73 ಸೆಂ.ಮೀ. ಆಗುತ್ತದೆ. ಮೇಜೇ ಮುಗಿಯಿತು.)

‘ನೆಲಮಾಳಿಗೆ’ ಬೇಡ. ನಮ್ಮಲ್ಲಿ ‘ಮಾಳಿಗಿ’ ಎಂದರೆ ಮಣ್ಣಿನ ಚಪ್ಪಟೆ ಮೇಲ್ಛಾವಣಿ. ‘ಮಾಳಿಗಿ ಮ್ಯಾಲೆ ಮೆಣಸಿನಕಾಯಿ ಹಾಕ್ಯಾರ’ ಎನ್ನುವವರಿಗೆ ಮಾಳಿಗೆ ನೆಲದೊಳಗೆ ಇಳಿದದ್ದು ವಿಚಿತ್ರವೇ. ‘ಬಂದೀಖಾನೆ’ಯೂ ಸರಿಯಲ್ಲ: ಆಟದಲ್ಲಿ ಅದು ಸೆರೆಮನೆಯಲ್ಲ, ಓಣಿ, ಕೋಣೆ, ಬಲೆ, ಬೊಕ್ಕಸ ಎಲ್ಲ ಇರುವ ಭೂಮಿಯೊಳಗಿನ ಜಾಲ. ಮೂಲದ ಫ್ರೆಂಚ್ ‘ದೋಂಜೋಂ’ ಅಂತೂ ಕೋಟೆಯ ನಡುಗೋಪುರ. ‘ತಳಘರ’ ಬಳಸಿ, ಬೆಳಗಾವಿಯ ಮರಾಠಿ ಮನೆಗಳಿಗೂ ಅದು ತಿಳಿಯುತ್ತದೆ. ‘ಹಗೇವು’ ಪದವನ್ನು ಬಲೆಗುಂಡಿಗೆ ಮೀಸಲಿಡಿ. ಬಾಯಿ ಕಿರಿದು, ಒಡಲು ಅಗಲ, ಒಳಗೆ ಕೆಟ್ಟ ಗಾಳಿ. ಕಾಳು ತುಂಬುವ ಹಗೇವಿಗೆ ಇಳಿಯುವ ಮೊದಲು ಬಾಯಿ ತೆರೆದಿಟ್ಟು ಕಾಯುವುದು ಅದಕ್ಕೇ. ಆಟ ನಡೆಸುವವರಿಗೆ ಇನ್ನೇನು ಬೇಕು?

ಇನ್ನು ‘ಟೆಕ್ಸ್ಚರ್’. ಇಲ್ಲಿ ಒಂದಲ್ಲ, ಎರಡು ಕೆಲಸ ಇವೆ. ಕಲ್ಲುಗಳ ನಡುವಿನ ಗೆರೆ ತೆಗೆಯುವುದು ‘ಸಂದು ಬಿಡಿಸುವುದು’. ಕಲ್ಲಿನ ಮೈ ಒರಟು ಮಾಡುವುದು ‘ತರಿ ಏಳಿಸುವುದು’. ಎರಡಕ್ಕೂ ಒಂದೇ ಪದ ಬಳಸಿದರೆ ಯಾವುದು ಮೊದಲು ಎಂಬುದು ತಪ್ಪಿಹೋಗುತ್ತದೆ. ಸಂದು ಮೊದಲು: ಹೊಸ ಕಟರ್ ಅಲಗಿನಿಂದ 2 ಮಿ.ಮೀ. ಆಳ ಗೀರಿ, ಆಮೇಲೆ ಶಾಯಿ ತೀರಿದ ಬಾಲ್‌ಪೆನ್ನನ್ನು ಆ ಗೀರಿನಲ್ಲಿ ಎಳೆದು ಅಗಲಿಸಬೇಕು. ಗೀರದೆ ನೇರ ಪೆನ್ನು ಎಳೆದರೆ ಫೋಮಿನ ಮೈ ಹರಿದು ಚೂರು ಏಳುತ್ತದೆ. ತರಿ ಆಮೇಲೆ: ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಉರುಳಿಸುವುದು. ಉಂಡೆ ಸಡಿಲವಾಗಿರಲಿ. ಬಿಗಿಯಾಗಿ ಒತ್ತಿದ ಉಂಡೆಗೆ ಮೂಲೆಗಳೇ ಉಳಿಯದೆ ಕಲ್ಲು ನುಣ್ಣಗಾಗುತ್ತದೆ. ತರಿ ಮೊದಲು ಏಳಿಸಿ ಸಂದು ಆಮೇಲೆ ಬಿಡಿಸಿದರೆ ಪೆನ್ನಿನ ಎರಡೂ ಬದಿ ತರಿ ಅಳಿಸಿ, ಪ್ರತಿ ಕಲ್ಲಿಗೂ ನುಣುಪಾದ ಅಂಚುಪಟ್ಟಿ ಬರುತ್ತದೆ.

ಸಂದಿನಲ್ಲೂ ಎರಡು ಜಾತಿ. ಪಟ್ಟದಕಲ್ಲು, ಐಹೊಳೆಯ ಗುಡಿಗಳಲ್ಲಿ ಕಲ್ಲಿಗೆ ಕಲ್ಲು ಗಚ್ಚಿಲ್ಲದೆ ಕೂತಿದೆ. ಅಂಥ ಗೋಡೆ ಬೇಕಿದ್ದರೆ ಅಲಗಿನ ಗೀರಷ್ಟೇ ಸಾಕು, ಪೆನ್ನು ಬೇಡ. ಗಚ್ಚು ತುಂಬಿದ ಗೋಡೆಗೆ ಪೆನ್ನು ಬೇಕೇ ಬೇಕು. ಕೈಪಿಡಿಯಲ್ಲಿ ‘ಬರಿ ಸಂದು’, ‘ಗಚ್ಚಿನ ಸಂದು’ ಎಂದರೆ ಒಂದೇ ಮಾತಿಗೆ ಉಪಕರಣವೂ ತಿಳಿಯುತ್ತದೆ.

ವಿಜಯಪುರದಿಂದ

ತಳಘರ, ಫರಸಿ ಎರಡಕ್ಕೂ ನನ್ನ ಒಪ್ಪಿಗೆ. ‘ಸುರಂಗ’ವನ್ನು ಓಣಿಗೆ ಮಾತ್ರ ಇಡಿ, ನೆಲದೊಳಗಿನಿಂದ ನೀರು ತರುತ್ತಿದ್ದ ತೊರವಿಯ ಹಳೆಯ ಸುರಂಗ ಬಾವಡಿಯಿಂದಾಗಿ ಇಲ್ಲಿ ಆ ಪದಕ್ಕೆ ನೀರಿನ ನೆನಪು ಅಂಟಿದೆ, ಮರಾಠಿಯ ‘ಸುರುಂಗ’ಕ್ಕೋ ಸಿಡಿಮದ್ದಿನ ವಾಸನೆ. ಮೆಟ್ಟಿಲಿಳಿದು ನೀರು ಮುಟ್ಟುವ ತುಂಡು ಮಾಡುವವರಿಗೆ ‘ಬಾವಡಿ’ ಸಿದ್ಧವಾಗಿಯೇ ಇದೆ.

ಗೋಡೆಗಳ ವಿಷಯ. ‘ಒಳಗೋಡೆ’, ‘ಹೊರಗೋಡೆ’ ಎಂದು ಬರೆದರೆ ಮನೆ ಕಟ್ಟುವವರ ಅರ್ಥ ನುಸುಳುತ್ತದೆ. ಫರಸಿಯ ಮೇಲೆ ಏರಿ ಕೂಡುವುದು ‘ಏರುಗೋಡೆ’, ಪಕ್ಕಕ್ಕೆ ಒತ್ತಿ ನಿಲ್ಲುವುದು ‘ಒತ್ತುಗೋಡೆ’ ಎಂದರೆ ಹೇಗೆ? ಹೆಸರು ಬೇರೆ ಬೇಕಾಗುವುದು ಅಳತೆಗಾಗಿ. 12 ಮಿ.ಮೀ. ದಪ್ಪದ ಏರುಗೋಡೆ ಅಂಚಿನ ಮನೆಯನ್ನು ನುಂಗಿ 13 ಮಿ.ಮೀ. ಮಾತ್ರ ಬಿಡುತ್ತದೆ, 25 ಮಿ.ಮೀ. ತಳದ ಗೊಂಬೆ ಅಲ್ಲಿ ನಿಲ್ಲದು. ಒತ್ತುಗೋಡೆ ಮನೆಯನ್ನು ಮುಟ್ಟುವುದಿಲ್ಲ. ಆದರೆ ಎರಡು ಕೋಣೆಗಳ ನಡುವೆ ಬಂದಾಗ ಆಚೆಯ ಕೋಣೆಯನ್ನೇ 12 ಮಿ.ಮೀ. ತಳ್ಳಿಬಿಡುತ್ತದೆ, ಬಾಗಿಲಿನ ಜಾಗದಲ್ಲಿ ನೆಲ ಕಾಣದೆ ಮೇಜು ಕಾಣುತ್ತದೆ. ಅದನ್ನು ಮುಚ್ಚಲು ಗೋಡೆಯಷ್ಟೇ ಅಗಲದ, ಫರಸಿಯಷ್ಟೇ ದಪ್ಪದ ಪಟ್ಟಿ ಮಾಡಿಡಬೇಕು. ಇದಕ್ಕೆ ಇಂಗ್ಲಿಷಿನಲ್ಲಿ ಒಬ್ಬೊಬ್ಬರದು ಒಂದೊಂದು ಹೆಸರು. ನಮಗೆ ಹುಡುಕಾಟವೇ ಬೇಡ, ಅದು ಹೊಸ್ತಿಲು. ಕೋಣೆಯ ಮೂಲೆಯಲ್ಲಿ ಎರಡು ಒತ್ತುಗೋಡೆ ಸೇರುವಲ್ಲಿ ಉಳಿಯುವ 12×12 ಕಿಂಡಿಗೆ ‘ಮೂಲೆಗಂಬ’.

ಎತ್ತರದ ಬಗ್ಗೆಯೂ ಒಂದು ಮಾತು. 50 ಮಿ.ಮೀ. ಗೋಡೆ ಚಿತ್ರದಲ್ಲಿ ಚೆಂದ. ಆಡುವಾಗ ಎದುರು ಕೂತವರಿಗೆ ಗೊಂಬೆ ಕಾಣದು, ಕೈ ಹಾಕಿದರೆ ಗೋಡೆ ಬೀಳುತ್ತದೆ. 25ರಿಂದ 30ರ ಗೋಡೆ ಮೇಲು, ಅದಕ್ಕೆ ‘ಮೋಟುಗೋಡೆ’ ಎಂಬ ಹಳೆಯ ಪದವೇ ಇದೆ.

ಪ್ರಶ್ನೆಯಲ್ಲಿ ಬರದ ಎರಡು ಪದಗಳು ಹೆಚ್ಚು ಅಪಾಯದವು. ಮೊದಲನೆಯದು ‘ಥರ್ಮಾಕೋಲ್’. ನಮ್ಮ ಅಂಗಡಿಗಳಲ್ಲಿ ಎಲ್ಲ ಬಿಳಿ ಹಲಗೆಯೂ ಥರ್ಮಾಕೋಲೇ. ಪ್ಯಾಕಿಂಗಿಗೆ ಬರುವುದು ಕಾಳು ಕೂಡಿಸಿ ಮಾಡಿದ್ದು. ಅಲಗು ಹಾಕಿದರೆ ಕಾಳು ಕಿತ್ತು ಬರುತ್ತದೆ, ಸಂದು ನಿಲ್ಲುವುದಿಲ್ಲ. ಬೇಕಾದದ್ದು ಕಟ್ಟಡಗಳಲ್ಲಿ ಶಾಖ ತಡೆಯಲು ಹಾಕುವ, ಒಳಗೆ ಕಾಳಿಲ್ಲದ, ಒತ್ತೊತ್ತಾದ ಎಕ್ಸ್‌ಪಿಎಸ್ (ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್) ಹಲಗೆ. ‘ಕಾಳಿನದು’, ‘ಗಟ್ಟಿಯದು’ ಎಂದು ಎರಡಾಗಿ ಬರೆಯಿರಿ. ಅಲಂಕಾರಕ್ಕೆ ಥರ್ಮಾಕೋಲ್ ಮಾರುವುದು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿದೆ. ಆದ್ದರಿಂದ ಅಲಂಕಾರ ಸಾಮಾನಿನ ಅಂಗಡಿಯಲ್ಲಿ ಹುಡುಕುವ ಬದಲು ಇನ್ಸುಲೇಶನ್ ಸಾಮಾನು ಮಾರುವವರಲ್ಲಿ ಕೇಳುವುದು ಲೇಸು.

ಎರಡನೆಯದು ‘ಅಂಟು’. ಬರೀ ‘ಅಂಟು ಹಚ್ಚಿ’ ಎಂದರೆ ಓದುಗರು ಕೈಗೆ ಸಿಕ್ಕ ರಬ್ಬರ್ ಅಂಟು ಹಚ್ಚುತ್ತಾರೆ, ಅದರ ದ್ರಾವಕ ಫೋಮನ್ನು ಕರಗಿಸುತ್ತದೆ. ಸ್ಪ್ರೇ ಬಣ್ಣವೂ ಅಷ್ಟೇ. ಚಿಟಿಕೆಯಲ್ಲಿ ಹಿಡಿಯುವ ಸೂಪರ್ ಅಂಟೂ ಫೋಮನ್ನು ತಿನ್ನುತ್ತದೆ. ಫೋಮಿಗೆ ಕಾಗದ, ರಟ್ಟು, ಕಟ್ಟಿಗೆ ಅಂಟಿಸಲು ಬಿಳಿ ಫೆವಿಕಾಲ್; ಫೋಮಿಗೆ ಲೋಹ ಅಂಟಿಸಲು ಎರಡು ಟ್ಯೂಬಿನ ಅರಾಲ್ಡೈಟ್. ಫೋಮಿಗೆ ಫೋಮ್ ಅಂಟಿಸುವಾಗ ಫೆವಿಕಾಲಿನ ನೀರು ಹೋಗಲು ದಾರಿಯಿಲ್ಲ, ನಡುವೆ ಹಸಿಯಾಗಿಯೇ ಉಳಿಯುತ್ತದೆ. ಟೂತ್‌ಪಿಕ್ ಚುಚ್ಚಿ ಹಿಡಿಸಿ, ಒಂದು ಹಗಲು ರಾತ್ರಿ ಭಾರ ಇಟ್ಟು ಬಿಡಬೇಕು.

ಫರಸಿಗಳು ಒಂದನ್ನೊಂದು ಹಿಡಿದು ನಿಲ್ಲಲೆಂದು ಅಂಚಿನ ತೂತುಗಳಲ್ಲಿ ಆಯಸ್ಕಾಂತ ಕೂರಿಸುವಲ್ಲಿ ‘ಎಡಕ್ಕೆ ಉತ್ತರ ಧ್ರುವ’ ಎಂದು ಬರೆಯುವವರು ಯಾರ ಎಡ ಎಂದು ಹೇಳುವುದಿಲ್ಲ. ಫರಸಿಯನ್ನು ಮೇಜಿನ ಮೇಲೆ ಮಟ್ಟಸವಾಗಿಟ್ಟು, ಕೆಲಸ ಮಾಡುವ ಅಂಚು ನಿಮ್ಮ ಎದೆಯ ಕಡೆ ಇರಲಿ. ಆಗ ಎಡದ ತೂತಿನಲ್ಲಿ ಉತ್ತರ ಹೊರಮುಖ, ಬಲದ ತೂತಿನಲ್ಲಿ ದಕ್ಷಿಣ ಹೊರಮುಖ. ಎರಡೂ ತೂತು ಅಂಚಿನ ನಡುವಿನಿಂದ ಸಮದೂರ. ಫರಸಿ ತಿರುಗಿಸಿ ನಾಲ್ಕೂ ಅಂಚಿಗೆ ಹೀಗೇ ಮಾಡಿದರೆ ಯಾವ ಅಂಚು ಯಾವ ಅಂಚಿಗೆ ಬಂದರೂ ಒಂದರ ಎಡ ಇನ್ನೊಂದರ ಬಲಕ್ಕೆ ಎದುರಾಗಿ ಸೆಳೆಯುತ್ತದೆ. ಅಂಚಿನ ದಪ್ಪ 6 ಮಿ.ಮೀ. ಇದ್ದರೆ ಆಯಸ್ಕಾಂತ 3 ಮಿ.ಮೀ. ವ್ಯಾಸದ್ದಿರಲಿ, 5ರದು ಕೂರಿಸಿದರೆ ಮೇಲೆ ಕೆಳಗೆ ಅರ್ಧರ್ಧ ಮಿ.ಮೀ. ಮಾತ್ರ ಉಳಿದು ಅಂಚು ಸೀಳುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆಯಸ್ಕಾಂತದ ಗೊಡವೆಯೇ ಬೇಡ: ಎರಡು ನುಂಗಿದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ಒಂದನ್ನೊಂದು ಸೆಳೆಯುತ್ತವೆ.

ಬೆಳಗಾವಿಯಿಂದ ಮತ್ತೆ

ಇಬ್ಬರಿಗೂ ಧನ್ಯವಾದ. ‘ಏರುಗೋಡೆ’ಯನ್ನು ಇಟ್ಟುಕೊಂಡರೂ ಕೈಪಿಡಿಯ ಅಳತೆಗಳೆಲ್ಲ ಒತ್ತುಗೋಡೆಗೇ ಇರುತ್ತವೆ. ‘ಪ್ರೈಮರ್’ ಜಾಗದಲ್ಲಿ ದರ್ಜಿಗಳ ‘ಅಸ್ತರ’ವನ್ನು ತರುತ್ತಿದ್ದೇನೆ, ಇಲ್ಲಿ ಬಳಿಯುವುದು ಬಣ್ಣ ಹಿಡಿಸಲಿಕ್ಕಷ್ಟೇ ಅಲ್ಲ, ಮೆತ್ತನೆಯ ಫೋಮಿಗೆ ಒಂದು ಪದರು ಕೊಡಲಿಕ್ಕೆ. ತಿದ್ದಿದ ಭಾಗ ಹೀಗಿದೆ, ಎಡವುವ ಮಾತು ಇನ್ನೂ ಇದ್ದರೆ ಹೇಳಿ:

‘6 ಮಿ.ಮೀ. ದಪ್ಪದ ಗಟ್ಟಿ ಹಲಗೆಯಿಂದ 75×75 ಫರಸಿ ಕತ್ತರಿಸಿ. ಅಲಗನ್ನು ಪಕ್ಕಕ್ಕೆ ವಾಲಿಸದೆ, ಎಳೆಯುವ ಗೆರೆಯುದ್ದಕ್ಕೆ ಒರಗಿಸಿ ಹಿಡಿದು, ಒಂದೇ ಏಟಿಗೆ ಒತ್ತದೆ ಮೂರು ಸಲ ಎಳೆಯಿರಿ. ಮೂಲೆಮಟ್ಟ ಇಟ್ಟು ನಾಲ್ಕೂ ಮೂಲೆ ನೋಡಿ. ಬಿಸಿ ತಂತಿಯಲ್ಲಿ ಕೊಯ್ಯುವವರು ಕಿಟಕಿ ತೆರೆದಿಡಿ. ತಂತಿ ಸಡಿಲಿದ್ದರೆ ಅಂಚು ಹೊಟ್ಟೆ ಬಿಡುತ್ತದೆ, ಕೈ ನಿಂತಲ್ಲಿ ಹಳ್ಳ ಬೀಳುತ್ತದೆ. ಒಂಬತ್ತು ಮನೆಗಳ ಗೆರೆ ಹಾಕಿ, ಒಳಗಿನ ಸಂದು ಮಾತ್ರ ಬಿಡಿಸಿ. ಫರಸಿಯ ಸುತ್ತಂಚಿಗೆ ಪೆನ್ನು ಬೇಡ, ಬೆರಳಿನಿಂದ ಮೊನೆ ಮುರಿದರೆ ಸಾಕು. ತರಿ ಏಳಿಸಿ. ಎರಡು ಪಾಲು ಫೆವಿಕಾಲ್, ಒಂದು ಪಾಲು ಕಪ್ಪು ಅಕ್ರಿಲಿಕ್, ಬ್ರಶ್ ಸಲೀಸಾಗಿ ಓಡುವಷ್ಟು ನೀರು ಕಲಸಿ ಅಸ್ತರ ಬಳಿಯಿರಿ. ಸಂದಿನಲ್ಲಿ ಗುಳ್ಳೆ ನಿಂತರೆ ಬ್ರಶ್ಶಿನ ತುದಿಯಿಂದ ಒಡೆಯಿರಿ, ಇಲ್ಲವಾದರೆ ಒಣಗಿದ ಮೇಲೆ ಅಲ್ಲಿ ಫೋಮಿನ ಬಣ್ಣ ಇಣುಕುತ್ತದೆ. ತಳಕ್ಕೆ ರಟ್ಟು ಅಂಟಿಸಿದ್ದರೆ ರಟ್ಟಿನ ಹೊರಮೈಗೂ ಅದೇ ಅಸ್ತರ ಬಳಿಯಿರಿ. ಒಂದೇ ಮೈ ನೀರು ಕುಡಿದರೆ ಫರಸಿ ಬಾಗುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಒಂದು ಪೂರ್ತಿ ದಿನ ಒಣಗಿಸಿ. ವಿಜಯಪುರದ ಬೇಸಿಗೆಯಲ್ಲಿ ಬಿಸಿಲಿಗೆ ಇಡಬೇಡಿ, ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಬಾದಾಮಿಯ ಮರಳುಗಲ್ಲು ಬೇಕಾದರೆ ಇಟ್ಟಿಗೆಗೆಂಪಿನ ಮೇಲೆ ಒಣ ಬ್ರಶ್ಶಿನಿಂದ ಕಾವಿಹಳದಿ, ವಿಜಯಪುರದ ಕರಿಗಲ್ಲು ಬೇಕಾದರೆ ಗಾಢ ಬೂದಿಯ ಮೇಲೆ ತಿಳಿ ಬೂದಿ. ಬ್ರಶ್ಶಿನ ಬಣ್ಣವನ್ನು ಮೊದಲು ಹಳೆ ಅರಿವೆಗೆ ಒರೆಸಿ, ಅರಿವೆಯ ಮೇಲೆ ಗೆರೆ ಮೂಡುವುದು ನಿಂತ ಮೇಲೆಯೇ ಫರಸಿ ಮುಟ್ಟಿ.’