ಹಳ್ಳಕ್ಕೆ ಪಲ್ಪರ್ ನೀರು ಬಿಡುತ್ತಿದ್ದಾರೆ, ಯಾರನ್ನು ಕೇಳಬೇಕು?

ಮೂಡಿಗೆರೆ ಬೆಳೆಗಾರ:
ಕಾಫಿ ಕೊಯ್ಲು ಶುರುವಾದರೆ ನಮ್ಮ ಹಳ್ಳದ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಮೇಲಿನ ತೋಟದವರು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರನ್ನು ಹಾಗೇ ಬಿಡುತ್ತಾರೆ. ಹುಳಿ ವಾಸನೆ, ದಡದ ಕಲ್ಲಿಗೆಲ್ಲ ನೊರೆ. ದನಗಳು ಮೂಸಿ ನೋಡಿ ಹಿಂದೆ ಸರಿಯುತ್ತವೆ. ಪಂಚಾಯಿತಿಯಲ್ಲಿ ಕೇಳಿದರೆ ಜಿಲ್ಲಾ ಕಚೇರಿಗೆ ಹೋಗಿ ಅಂತಾರೆ. ಅಲ್ಲಿ ಹೋದರೆ ಪಂಚಾಯಿತಿ ಕಡೆ ಕೈ ತೋರಿಸ್ತಾರೆ. ಇದೆಲ್ಲ ಸರ್ಕಾರದ ಕೆಲಸ ಅಲ್ವಾ?

ಸಕಲೇಶಪುರ ವಕೀಲ:
ಸರ್, 1974ರ ಜಲ ಕಾಯ್ದೆ ಪ್ರಕಾರ ಇದು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಫೋಟೊ, ತಾರೀಕು ಹಾಕಿ ಲಿಖಿತ ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಬಾಯಿಮಾತಿನ ದೂರು ನಿಲ್ಲಲ್ಲ. ಹಣ್ಣಿನ ಲೋಳೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ, ಮೀನು ಸಾಯುವುದು ಅದಕ್ಕೇ. ಮಂಡಳಿ ಸುಮ್ನೆ ಕೂತರೆ ಹಸಿರು ನ್ಯಾಯಮಂಡಳಿ ಇದೆ, ದಕ್ಷಿಣ ಪೀಠ ಚೆನ್ನೈನಲ್ಲಿ.

ಹಾಸನದ ನಿವೃತ್ತ ಮೇಷ್ಟ್ರು:
ಸರ್ಕಾರವೇ ಎಲ್ಲ ನೋಡಿಕೊಳ್ಳಲಿ ಅಂತ ಕಾಯಬೇಡಿ. ಕುದುರೆಮುಖದಲ್ಲಿ ಗಣಿ ನಡೆಸುತ್ತಿದ್ದದ್ದೇ ಕೇಂದ್ರ ಸರ್ಕಾರದ ಕಂಪನಿ. ಪರಿಸರದವರು ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2005ರ ಕೊನೆಗೆ ಗಣಿ ನಿಂತಿತು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಗೂ ಊರಿನ ಗಿಡಮರ, ಜೀವಿಗಳ ದಾಖಲೆ ಇಡುವ ಒಂದು ನಿರ್ವಹಣಾ ಸಮಿತಿ ಇರಲೇಬೇಕು. ಎಷ್ಟೋ ಕಡೆ ಅದು ಬರೀ ಕಾಗದದ ಮೇಲಿದೆ, ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಹಳ್ಳದಲ್ಲಿ ಯಾವ ಮೀನಿತ್ತು ಅಂತ ಊರಿನವರೇ ಬರೆದಿಟ್ಟರೆ ದೂರಿಗೂ ಬಲ ಬರುತ್ತದೆ.

ಮೂಡಿಗೆರೆ ಬೆಳೆಗಾರ:
ಥ್ಯಾಂಕ್ಸ್ ಮೇಷ್ಟ್ರೇ. ಸಮಿತಿಯಲ್ಲಿ ಯಾರ್ಯಾರು ಇದ್ದಾರೆ ಅಂತ ನಾಳೆ ಪಿಡಿಒ ಹತ್ತಿರ ಕೇಳ್ತೀನಿ. ವಕೀಲರೇ, ನೀರಿನ ಸ್ಯಾಂಪಲ್ ನಾವೇ ತೆಗೆದರೆ ನಡೆಯುತ್ತಾ?

ಸಕಲೇಶಪುರ ವಕೀಲ:
ಮಂಡಳಿಯವರೇ ಬಂದು ತೆಗೆಯಬೇಕು. ಪಲ್ಪರ್ ಓಡುತ್ತಿರುವಾಗಲೇ ಕರೆಸಿ.