‘ನನ್ನನ್ನು ಸರಿ ಮಾಡುವ ಡಾಕ್ಟರು ಇದ್ದಾರಾ?’: ಓದುಗರ ಸ್ಪಂದನ

ಸಮಸ್ಯೆ: ನನಗೆ 26 ವರ್ಷ, ಹಾಸನ ಜಿಲ್ಲೆಯವನು. ಹೈಸ್ಕೂಲಿನಿಂದಲೂ ಮನಸ್ಸು ಹುಡುಗರತ್ತಲೇ ಎಳೆಯುತ್ತದೆ. ಯಾರಿಗೂ ಹೇಳಿಲ್ಲ. ನನ್ನ ನಡಿಗೆ, ದನಿ ನೋಡಿ ಶಾಲೆಯಲ್ಲಿ ತುಂಬಾ ಆಡಿಕೊಂಡಿದ್ದಾರೆ. ಈಗ ರಾತ್ರಿ ನಿದ್ದೆ ಬರುವುದಿಲ್ಲ, ಯಾರ ಜೊತೆಗೂ ಬೆರೆಯಲು ಆಗುತ್ತಿಲ್ಲ. ಅಪ್ಪ ಅಮ್ಮ ಹೆಣ್ಣು ನೋಡುತ್ತಿದ್ದಾರೆ. ಅಕ್ಕ ಒಬ್ಬಳೇ ‘ಯಾಕೋ ಸೊರಗಿದ್ದೀಯ’ ಅಂತ ಕೇಳುತ್ತಾಳೆ. ನನ್ನನ್ನು ಸರಿ ಮಾಡುವ ಡಾಕ್ಟರು ಇದ್ದಾರಾ?

*

ತಮ್ಮಾ, ನಾನೂ ಗೇ. ತೀರ್ಥಹಳ್ಳಿ ಕಡೆಯವನು, ಈಗ ಬೆಂಗಳೂರಿನಲ್ಲಿದ್ದೇನೆ. ಹುಡುಗರನ್ನು ಇಷ್ಟಪಡುವುದು ಕಾಯಿಲೆ ಅಲ್ಲ, ಅದರಲ್ಲಿ ಸರಿ ಮಾಡುವಂಥದ್ದು ಏನೂ ಇಲ್ಲ. ಆದರೆ ನಿದ್ದೆಗೆಟ್ಟು ಒದ್ದಾಡುತ್ತಿದ್ದೀಯಲ್ಲ, ಆ ಕಷ್ಟ ನಿಜ. ಅದಕ್ಕೆ ಸಹಾಯ ಸಿಗುತ್ತದೆ. ದಯವಿಟ್ಟು ಇವೆರಡನ್ನೂ ಒಂದೇ ಅಂದುಕೊಳ್ಳಬೇಡ.

ಚಿಕ್ಕಂದಿನಿಂದ ನಮ್ಮನ್ನು ನಾವೇ ಕಾವಲು ಕಾಯುತ್ತಾ ಬೆಳೆಯುತ್ತೇವೆ, ಅಲ್ವಾ? ಕೈ ಜಾಸ್ತಿ ಆಡಿಸಿದೆನಾ, ದನಿ ತೆಳ್ಳಗಾಯಿತಾ, ಆ ಹುಡುಗನ ಕಡೆ ತುಂಬಾ ಹೊತ್ತು ನೋಡಿಬಿಟ್ಟೆನಾ ಅಂತ. ಶಾಲೆಯ ಮೂತ್ರಾಲಯದಲ್ಲೇ ಹುಡುಗರು ನನ್ನನ್ನು ಅಡ್ಡಗಟ್ಟಿ ‘ಹೆಣ್ಣಿಗ’ ಅಂತ ಕಾಡುತ್ತಿದ್ದರು. ಅಲ್ಲಿಗೆ ಹೋಗುವುದೇ ಬೇಡ ಅಂತ ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಕಾಲೇಜಿನಲ್ಲಿ ಇಲ್ಲದ ಹುಡುಗಿಯೊಬ್ಬಳ ಕಥೆ ಕಟ್ಟಿದ್ದೆ. ಅವಳ ಊರು, ಅವಳು ಬರುವ ಬಸ್ಸು, ಎಲ್ಲ ನೆನಪಿಟ್ಟುಕೊಳ್ಳಬೇಕಿತ್ತು. ವರ್ಷಗಟ್ಟಲೆ ಹೀಗೆ ಬಿಗಿಹಿಡಿದುಕೊಂಡೇ ಇದ್ದ ಮೈಗೆ ರಾತ್ರಿ ದೀಪ ಆರಿಸಿದ ತಕ್ಷಣ ನಿದ್ದೆ ಎಲ್ಲಿಂದ ಬರಬೇಕು? ಗೆಳೆಯರು ಹತ್ತಿರ ಬಂದರೆ ಗೊತ್ತಾಗಿಬಿಡುತ್ತದೆ ಅನ್ನುವ ಭಯ ಬೇರೆ. ಹಾಗಾಗಿ ನಾವೇ ದೂರ ಸರಿಯುತ್ತೇವೆ. ಆಮೇಲೆ ನನಗೆ ಯಾರೂ ಇಲ್ಲ ಅಂತ ಕೊರಗುತ್ತೇವೆ.

ಬೆಂಗಳೂರಿನಲ್ಲಿ ‘ಗುಡ್ ಆಸ್ ಯು’ ಅನ್ನುವ ನಮ್ಮಂಥವರ ಗುಂಪು 1994ರಲ್ಲೇ ಹುಟ್ಟಿತು. ಇಂಥ ಒಂದು ಗುಂಪಿಗೆ ಮೊದಲ ಸಲ ಹೋದಾಗ ನಾನು ಬಾಗಿಲ ಪಕ್ಕವೇ ಕೂತಿದ್ದೆ, ಬೇಕಾದರೆ ಎದ್ದು ಓಡಬಹುದು ಅಂತ. ಯಾರೂ ಏನೂ ಕೆದಕಲಿಲ್ಲ. ಒಬ್ಬರು ಬಾಡಿಗೆ ಮನೆಯ ಗೋಳು ಹೇಳುತ್ತಿದ್ದರು, ಇನ್ನೊಬ್ಬರು ಆಫೀಸಿನ ಬಾಸ್ ಬಗ್ಗೆ. ನಮ್ಮಂಥವರೂ ಹೀಗೆ ಮಾಮೂಲಿಯಾಗಿ ಬದುಕುತ್ತಾರೆ ಅಂತ ಕಣ್ಣಾರೆ ಕಂಡದ್ದು ಅವತ್ತೇ. ಒಮ್ಮೆ ಈ ಕಡೆ ಬಾ.
– ಹೆಸರು ಬೇಡ, ಬೆಂಗಳೂರು

*

ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡುವವಳಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ‘ಬದಲಾಯಿಸಿಕೊಡುತ್ತೇವೆ’ ಅನ್ನುವವರ ಬಳಿ ಹೋಗಲೇಬೇಡಿ, ಅವರು ಎಷ್ಟೇ ದೊಡ್ಡ ಡಾಕ್ಟರಾಗಿರಲಿ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಹೀಗೆ ‘ಬದಲಾಯಿಸುವ’ ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿಗೆ ತಕ್ಕುದಲ್ಲದ ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಅಪರಾಧದ ಭಯವೂ ಬೇಡ. ವಯಸ್ಕರಿಬ್ಬರು ಒಪ್ಪಿ ಕೂಡುವುದು ತಪ್ಪಲ್ಲ ಅಂತ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ನಿದ್ದೆಯ ವಿಷಯ ಮುಂದೂಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯದೆ ಆಗಲೇ ಮಾಡಿ. ಆಪ್ತಸಮಾಲೋಚಕರನ್ನು ನೋಡಲು ಹೋದರೆ ಮೊದಲೇ ಕೇಳಿಬಿಡಿ: ‘ನಾನು ಗೇ. ನಿಮಗೆ ಇದರಲ್ಲಿ ತಕರಾರು ಇದೆಯಾ?’ ಅವರು ತಡವರಿಸಿದರೆ ಬೇರೆಯವರನ್ನು ಹುಡುಕಿ. ನೀವು ಹೇಳಿದ್ದನ್ನು ಗುಟ್ಟಾಗಿಡುವುದು ಅವರ ಕರ್ತವ್ಯ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಅದಿದೆ.
– ಓದುಗರು, ಮೈಸೂರು

*

ಮದುವೆ ಮಾತ್ರ ಆಗಬೇಡಿ. ಮನೆಯವರ ಬಲವಂತಕ್ಕೆ ಮದುವೆಯಾದ ನಿಮ್ಮಂಥ ಒಬ್ಬರ ಹೆಂಡತಿಯಾಗಿದ್ದೆ, ಅದಕ್ಕೆ ಹೇಳುತ್ತಿದ್ದೇನೆ. ಅವರು ಕೆಟ್ಟವರಲ್ಲ. ರಾತ್ರಿ ಟಿ.ವಿ. ಮುಂದೆಯೇ ಮಲಗಿಬಿಡುತ್ತಿದ್ದರು. ನನ್ನಲ್ಲೇ ಏನೋ ಕೊರತೆ ಇದೆ ಅಂತ ನಾನು ಹೊಸ ಸೀರೆ ಉಟ್ಟು ನೋಡಿದೆ, ವ್ರತ ಮಾಡಿದೆ, ತೂಕ ಇಳಿಸಿದೆ. ಇಬ್ಬರೂ ಹಾಳಾದೆವು. ಈಗ ಬೇರೆಯಾಗಿದ್ದೇವೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಆಗ ಮಾತಾಡಲು ಒಬ್ಬರೂ ಇರಲಿಲ್ಲವಲ್ಲ ಅನ್ನುವ ಸಂಕಟ ಇದೆ.

ನಿಮಗೆ ಅಕ್ಕ ಇದ್ದಾರೆ. ಅವರಾಗೇ ಕೇಳುತ್ತಿದ್ದಾರೆ ಕೂಡ. ಅಪ್ಪ ಅಮ್ಮನಿಗೆ ಹೇಳುವ ಮೊದಲು ನಿಮ್ಮ ಕೈಯಲ್ಲಿ ಸಂಬಳ, ಇರಲು ಒಂದು ರೂಮು ಇರಲಿ. ಅಲ್ಲಿಯವರೆಗೆ ‘ಈಗಲೇ ಮದುವೆ ಬೇಡ’ ಅಂತ ಗಟ್ಟಿಯಾಗಿ ಹೇಳಿ, ಕಾರಣ ಕೊಡಬೇಕಾಗಿಲ್ಲ. ಅಕ್ಕನಿಗೆ ಮಾತ್ರ ಬೇಗ ಹೇಳಿ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಬೇಡ, ಫೋನಿನಲ್ಲೂ ಬೇಡ. ಅವರೊಬ್ಬರೇ ಇರುವ ಹೊತ್ತು ನೋಡಿಕೊಂಡು ಹೋಗಿ. ಅವರು ಅತ್ತರೂ ಎದ್ದು ಬರಬೇಡಿ.
– ಓದುಗರು, ದಾವಣಗೆರೆ